ಕೈಗಾರಿಕಾ ಕೊಳವೆ ಬಾವಿಗಳಿಗೆ ಹರಿವು ಮಾಪಕದ ಆಯ್ಕೆ: ಅರ್ಜಿದಾರರಿಗೆ ಮಾಹಿತಿ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಗಳಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು 2018ರ ಜೂನ್ ತಿಂಗಳಿನಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದ್ದರೂ, ಅನೇಕ ಕೈಗಾರಿಕೆಗಳು ಇಂದಿಗೂ ಕೊಳವೆ ಬಾವಿಗಳನ್ನೇ ಅವಲಂಬಿಸಿವೆ. ಅದೇ ಅಂತರ್ಜಲವನ್ನು ನೆರೆಯ ರೈತರೂ ಗ್ರಾಮಗಳೂ ಬಳಸುತ್ತಿರುವುದರಿಂದ, ಎಷ್ಟು ನೀರನ್ನು ಎತ್ತಲಾಗಿದೆ ಎಂಬ ಲೆಕ್ಕವು ನಿಖರವಾಗಿರುವುದು ಅವಶ್ಯ.

ಈ ತಾಲ್ಲೂಕುಗಳು ಅಧಿಸೂಚಿತ ಪ್ರದೇಶಗಳಾಗಿದ್ದು, 2011ರ ಕರ್ನಾಟಕ ಅಂತರ್ಜಲ ಅಧಿನಿಯಮದ ಮೇರೆಗೆ ಬಾವಿ ಕೊರೆಯುವ ಮುನ್ನ ಅನುಮತಿ ಪಡೆಯತಕ್ಕದ್ದು. ಕೇಂದ್ರ ಜಲಶಕ್ತಿ ಸಚಿವಾಲಯವು 24-09-2020ರಂದು ಹೊರಡಿಸಿದ ಮಾರ್ಗಸೂಚಿಯು ನಿರಾಕ್ಷೇಪಣಾ ಪತ್ರ ಕೋರುವವರಿಗೆ ಟೆಲಿಮೆಟ್ರಿ ಸಹಿತ ಡಿಜಿಟಲ್ ಹರಿವು ಮಾಪಕವನ್ನು ಕಡ್ಡಾಯಗೊಳಿಸಿದೆ. ಅರ್ಜಿದಾರರು ತಮ್ಮ ಅನುಮತಿ ಪತ್ರದಲ್ಲಿರುವ ಷರತ್ತುಗಳನ್ನು ಓದಿಕೊಂಡ ನಂತರವೇ ಮಾಪಕವನ್ನು ಖರೀದಿಸುವುದು ಸೂಕ್ತ.

ಕೊಳವೆಯ ಅಳತೆಯಲ್ಲ, ನೀರಿನ ಅಳತೆ

ಅರ್ಜಿದಾರರಲ್ಲಿ ಸಾಮಾನ್ಯವಾಗಿ ಕಂಡುಬರುವ ತಪ್ಪೆಂದರೆ, ಕೊಳವೆಯ ವ್ಯಾಸವನ್ನು ಮಾತ್ರ ಅಂಗಡಿಯವರಿಗೆ ತಿಳಿಸಿ ಅದೇ ವ್ಯಾಸದ ಮಾಪಕವನ್ನು ಕೊಳ್ಳುವುದು. ಮಾಪಕವು ಸರಿಯಾಗಿ ಕೆಲಸ ಮಾಡಬೇಕಾದರೆ ಅದರೊಳಗೆ ನೀರಿನ ವೇಗವು ಸಾಕಷ್ಟಿರಬೇಕು. ವಿದ್ಯುತ್ಕಾಂತೀಯ ಮಾಪಕಗಳಲ್ಲಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್‌ನಿಂದ 3 ಮೀಟರ್‌ವರೆಗಿನ ವೇಗವು ಉತ್ತಮ.

ನಮ್ಮ ಭಾಗದಲ್ಲಿ ಬಾವಿಯ ಇಳುವರಿಯನ್ನು ಇಂಚುಗಳಲ್ಲಿ ಹೇಳುವುದು ರೂಢಿ. ಇದು ಕೊಳವೆಯ ಇಂಚು ಅಲ್ಲ. 'ವಿ' ಆಕಾರದ ಕಿಂಡಿಯ ಮೇಲೆ ಹರಿಯುವ ನೀರಿನ ಎತ್ತರ. ಆದುದರಿಂದ ಎರಡು ಇಂಚು ನೀರು ಒಂದು ಇಂಚಿನ ಎರಡು ಪಟ್ಟು ಆಗುವುದಿಲ್ಲ, ಐದು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. 90 ಡಿಗ್ರಿ ಕಿಂಡಿಯಲ್ಲಿ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚು ಸುಮಾರು 2,900 ಲೀಟರ್, ಮೂರು ಇಂಚು ಸುಮಾರು 8,000 ಲೀಟರ್.

ಬಾವಿ ಕೊರೆದ ದಿನ ಮೂರು ಇಂಚು ನೀರು ಬಂದು, ಕೆಲವು ಬೇಸಿಗೆಗಳ ನಂತರ ಅದು ಎರಡು ಇಂಚಿಗೆ ಇಳಿಯಿತೆಂದು ಭಾವಿಸೋಣ. 80 ಮಿ.ಮೀ. ಮಾಪಕದಲ್ಲಿ ನೀರಿನ ವೇಗವು ಸೆಕೆಂಡಿಗೆ 0.44 ಮೀಟರ್‌ನಿಂದ 0.16 ಮೀಟರ್‌ಗೆ ಕುಸಿಯುತ್ತದೆ. 40 ಮಿ.ಮೀ. ಮಾಪಕದಲ್ಲಾದರೆ ಅದೇ ನೀರು 1.77 ಮೀಟರ್‌ನಿಂದ 0.64 ಮೀಟರ್‌ಗೆ ಇಳಿಯುತ್ತದೆ; ಎರಡೂ ಸಂದರ್ಭಗಳಲ್ಲಿ ಅಳತೆ ಸರಿಯಿರುತ್ತದೆ. ದೊಡ್ಡ ಮಾಪಕ ಒಳ್ಳೆಯದು ಎಂಬ ಭಾವನೆಯನ್ನು ಬಿಡುವುದು ಲೇಸು. ಕೊಳವೆಯನ್ನು ಸ್ವಲ್ಪ ದೂರ ಕಿರಿದಾಗಿಸಿ ಸಣ್ಣ ಮಾಪಕವನ್ನು ಜೋಡಿಸಬಹುದು. ಇದರಿಂದ ಒತ್ತಡದಲ್ಲಿ ಸ್ವಲ್ಪ ನಷ್ಟವಾದರೂ ಲೆಕ್ಕವು ಉಳಿಯುತ್ತದೆ.

ಮಾಪಕದ ವಿಧಗಳು

ಚಕ್ರ ತಿರುಗುವ ಯಾಂತ್ರಿಕ ಮಾಪಕವು ಅಗ್ಗ. ಆದರೆ ಆಳವಾದ ಬಾವಿಗಳಿಂದ ನೀರಿನೊಡನೆ ಮರಳು ಬಂದಲ್ಲಿ ಚಕ್ರವು ಸವೆಯುತ್ತದೆ. ಗಾಳಿ ಬಂದಲ್ಲಿ ಗಾಳಿಯನ್ನೂ ನೀರೆಂದೇ ಎಣಿಸುತ್ತದೆ. ಬಾವಿ ಬತ್ತುವ ಹಂತದಲ್ಲಿ ಪಂಪು ಗಾಳಿ ಉಗುಳುವುದನ್ನು ಬಲ್ಲವರಿಗೆ ಇದು ಸಣ್ಣ ವಿಷಯವಲ್ಲ: ಎತ್ತದ ನೀರು ಅರ್ಜಿದಾರರ ಲೆಕ್ಕಕ್ಕೆ ಸೇರುತ್ತದೆ.

ವಿದ್ಯುತ್ಕಾಂತೀಯ ಮಾಪಕದಲ್ಲಿ ಚಲಿಸುವ ಭಾಗಗಳಿಲ್ಲ. ಕಾಂತಕ್ಷೇತ್ರದ ಮೂಲಕ ಹರಿಯುವ ನೀರಿನಲ್ಲಿ ಉಂಟಾಗುವ ಅಲ್ಪ ವೋಲ್ಟೇಜನ್ನು ಅದು ಅಳೆಯುತ್ತದೆ. ಬಾವಿ ನೀರಿಗೂ ಕೈಗಾರಿಕಾ ತ್ಯಾಜ್ಯ ನೀರಿಗೂ ಬಹುತೇಕ ಇದೇ ಸೂಕ್ತ. ಆದರೆ ಕೊಳವೆ ಸದಾ ತುಂಬಿರಬೇಕು, ಭೂಸಂಪರ್ಕ ಸರಿಯಿರಬೇಕು, ಗಡಸು ನೀರಿನ ಸುಣ್ಣದ ಪದರವನ್ನು ಆಗಾಗ್ಗೆ ತೆಗೆಯಬೇಕು. ವಿದ್ಯುತ್ ಹರಿಯದ ದ್ರವಗಳಿಗೆ, ಅಂದರೆ ಎಣ್ಣೆಗೆ ಅಥವಾ ಲವಣವನ್ನು ಪೂರ್ಣ ತೆಗೆದ ನೀರಿಗೆ, ಇದು ಕೆಲಸ ಮಾಡುವುದಿಲ್ಲ.

ಅಲ್ಟ್ರಾಸಾನಿಕ್ ಮಾಪಕಗಳಲ್ಲಿ ಕೊಳವೆಯ ಹೊರಮೈಗೆ ಕಟ್ಟುವ ಬಗೆಯೂ ಇದೆ. ಕೊಳವೆ ಕತ್ತರಿಸದೆ ತಪಾಸಣೆ ನಡೆಸಲು ಅದು ಅನುಕೂಲ. ಗಾಳಿಗುಳ್ಳೆಗಳಿದ್ದಲ್ಲಿ ಮಾತ್ರ ನಂಬತಕ್ಕದ್ದಲ್ಲ. ಬಾಯ್ಲರಿನ ಹಬೆಗೆ ವೋರ್ಟೆಕ್ಸ್ ಮಾಪಕ, ಮಾವಿನ ತಿರುಳಿನಂತಹ ಮಂದ ದ್ರವವನ್ನು ತೂಕದಲ್ಲಿ ಅಳೆಯಲು ಕೊರಿಯೊಲಿಸ್ ಮಾಪಕ ಬಳಕೆಯಲ್ಲಿವೆ. ಇವು ಅಂತರ್ಜಲದ ಲೆಕ್ಕಕ್ಕೆ ಬೇಕಾಗುವುದಿಲ್ಲ.

ದರಪಟ್ಟಿಯಲ್ಲಿ ನೋಡಬೇಕಾದುದು

'ನಿಖರತೆ ಶೇಕಡಾ 2' ಎಂದಷ್ಟೇ ಬರೆದಿದ್ದರೆ ಸಾಲದು. ಅದು ಆ ಕ್ಷಣದ ಹರಿವಿನ ಶೇಕಡಾ 2 ಆಗಿದೆಯೇ ಅಥವಾ ಮಾಪಕದ ಗರಿಷ್ಠ ಸಾಮರ್ಥ್ಯದ ಶೇಕಡಾ 2 ಆಗಿದೆಯೇ ಎಂದು ಕೇಳಿ ತಿಳಿಯಬೇಕು. ಗಂಟೆಗೆ 30,000 ಲೀಟರ್ ಸಾಮರ್ಥ್ಯದ ಮಾಪಕದಲ್ಲಿ ಎರಡನೆಯದು 600 ಲೀಟರ್ ಆಗುತ್ತದೆ. ಎರಡು ಇಂಚು ನೀರಿನ ಬಾವಿಗೆ ಇದು ಶೇಕಡಾ 20ಕ್ಕೂ ಮೀರಿದ ವ್ಯತ್ಯಾಸ.

ಮಾಪನಾಂಕ ನಿರ್ಣಯದ ಪ್ರಮಾಣಪತ್ರವು ಮಾನ್ಯತೆ ಪಡೆದ ಪ್ರಯೋಗಾಲಯದ್ದಾಗಿರಬೇಕು ಮತ್ತು ಅದರಲ್ಲಿರುವ ಕ್ರಮಸಂಖ್ಯೆಯು ಮಾಪಕದ ಮೇಲಿನ ಕ್ರಮಸಂಖ್ಯೆಗೆ ತಾಳೆಯಾಗಬೇಕು. ಪಾಲಕ್ಕಾಡಿನ ದ್ರವ ನಿಯಂತ್ರಣ ಸಂಶೋಧನಾ ಸಂಸ್ಥೆಯು ಇಂತಹ ಪರೀಕ್ಷೆಗಳನ್ನು ನಡೆಸುವ ಪ್ರಮುಖ ಸಂಸ್ಥೆಗಳಲ್ಲೊಂದು.

ಅಳವಡಿಕೆ ಮತ್ತು ಪರೀಕ್ಷೆ

ಒಳ್ಳೆಯ ಮಾಪಕವೂ ತಪ್ಪು ಜಾಗದಲ್ಲಿ ತಪ್ಪು ಅಂಕಿಯನ್ನೇ ಕೊಡುತ್ತದೆ. ಬಾಗು ಮತ್ತು ಕವಾಟಗಳ ಪಕ್ಕದಲ್ಲೇ ಮಾಪಕವನ್ನು ಕೂರಿಸಬಾರದು. ತಯಾರಕರು ಬೇರೆ ರೀತಿ ಸೂಚಿಸದಿದ್ದಲ್ಲಿ ಮಾಪಕದ ಮುಂಚೆ ವ್ಯಾಸದ ಹತ್ತರಷ್ಟು, ನಂತರ ಐದರಷ್ಟು ನೇರ ಕೊಳವೆ ಬಿಡುವುದು ಕ್ಷೇಮ; 40 ಮಿ.ಮೀ. ಕೊಳವೆಗೆ ಇದು 400 ಮತ್ತು 200 ಮಿ.ಮೀ. ಮಾತ್ರ. ನೀರು ಮೇಲಕ್ಕೇರುವ ಲಂಬ ಕೊಳವೆಯಲ್ಲಿ ಜೋಡಿಸಿದರೆ ಕೊಳವೆ ತುಂಬಿಯೇ ಇರುತ್ತದೆ. ಬಾವಿಗೂ ಮಾಪಕಕ್ಕೂ ನಡುವೆ ಯಾವುದೇ ಕವಲು ಕೊಳವೆ ಇರತಕ್ಕದ್ದಲ್ಲ.

ಅಳವಡಿಸಿದ ದಿನವೇ 1,000 ಲೀಟರ್ ತೊಟ್ಟಿಯನ್ನು ತುಂಬಿಸಿ ನೋಡುವುದು ಸರಳ ಪರೀಕ್ಷೆ. ಎರಡು ಇಂಚು ನೀರಿಗೆ ಸುಮಾರು 21 ನಿಮಿಷ ಹಿಡಿಯುತ್ತದೆ. ತೊಟ್ಟಿ ತುಂಬಿದಾಗ ಮಾಪಕದ ಅಂಕಿಯು 950 ಅಥವಾ 1,060 ಎಂದು ತೋರಿಸಿದಲ್ಲಿ, ಮುದ್ರೆ ಹಾಕಿಸುವ ಮುನ್ನವೇ ಸರಬರಾಜುದಾರರನ್ನು ಕರೆಸತಕ್ಕದ್ದು. ಟೆಲಿಮೆಟ್ರಿ ಘಟಕದ ಸಿಮ್‌ಗೆ ಆ ಸ್ಥಳದಲ್ಲಿ ಸಂಕೇತ ದೊರೆಯುತ್ತದೆಯೇ ಎಂಬುದನ್ನೂ ಅಂದೇ ಪರಿಶೀಲಿಸಬೇಕು.

ಮಾಪಕವನ್ನು ಬದಲಾಯಿಸಬೇಕಾದಲ್ಲಿ ಹಳೆಯದರ ಕೊನೆಯ ಅಂಕಿ, ಹೊಸದರ ಮೊದಲ ಅಂಕಿ, ಎರಡರ ಕ್ರಮಸಂಖ್ಯೆ ಹಾಗೂ ದಿನಾಂಕ ಕಾಣುವಂತೆ ಛಾಯಾಚಿತ್ರ ತೆಗೆದು ಕಡತದಲ್ಲಿ ಇರಿಸಿಕೊಳ್ಳತಕ್ಕದ್ದು.