ಬಟ್ಟೆಯ ಕೈಚೀಲ

ಬಟ್ಟೆಯ ಕೈಚೀಲವು ಸಾಮಾನುಗಳನ್ನು ಒಯ್ಯಲು ಬಳಸುವ, ಬಾಯಿ ತೆರೆದಿರುವ, ಎರಡು ಹಿಡಿಕೆಗಳುಳ್ಳ ಚೀಲವಾಗಿದೆ. ಇಂಗ್ಲಿಷಿನಲ್ಲಿ ಇದನ್ನು ಟೋಟ್ ಬ್ಯಾಗ್ ಎಂದು ಕರೆಯುತ್ತಾರೆ. ಟೋಟ್ ಎಂಬ ಪದಕ್ಕೆ ಹೊತ್ತೊಯ್ಯು ಎಂಬ ಅರ್ಥವಿದೆ. ಜಿಪ್, ಗುಂಡಿ, ಅಸ್ತರಿಗಳಿಲ್ಲದೆ ನೇರ ಹೊಲಿಗೆಯಿಂದಲೇ ಸಿದ್ಧವಾಗುವುದರಿಂದ ಹೊಲಿಗೆ ಕಲಿಯುವವರು ಆರಂಭದಲ್ಲಿ ಹೊಲಿಯುವ ವಸ್ತುಗಳಲ್ಲಿ ಇದೂ ಒಂದು. ಮನೆಯಲ್ಲಿ ಹೊಲಿದ ಕೈಚೀಲವನ್ನು ಉಡುಗೊರೆಯಾಗಿ ನೀಡುವ ರೂಢಿಯೂ ಇದೆ.

ಹಿನ್ನೆಲೆ

ಸಂತೆಗೆ, ದಿನಸಿ ಅಂಗಡಿಗೆ ಹೋಗುವಾಗ ಮನೆಯಿಂದ ಬಟ್ಟೆಯ ಚೀಲ ಒಯ್ಯುವುದು ಭಾರತದಲ್ಲಿ ಹಿಂದಿನಿಂದ ಬಂದ ಅಭ್ಯಾಸ. ಅಮೆರಿಕದ ಎಲ್. ಎಲ್. ಬೀನ್ ಸಂಸ್ಥೆಯು 1944ರಲ್ಲಿ ಮಂಜುಗಡ್ಡೆ ಒಯ್ಯಲು ತಯಾರಿಸಿದ ಕ್ಯಾನ್ವಾಸ್ ಚೀಲವು ಇಂದಿನ ಟೋಟ್ ಬ್ಯಾಗ್‌ನ ಪ್ರಸಿದ್ಧ ಪೂರ್ವರೂಪಗಳಲ್ಲಿ ಒಂದು. ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್ ರೂಪಿಸಿದ ತೆಳು ಪ್ಲಾಸ್ಟಿಕ್ ಕೈಚೀಲಕ್ಕೆ 1965ರಲ್ಲಿ ಸೆಲ್ಲೋಪ್ಲಾಸ್ಟ್ ಸಂಸ್ಥೆಯು ಪೇಟೆಂಟ್ ಪಡೆಯಿತು. ಮುಂದಿನ ದಶಕಗಳಲ್ಲಿ ಅಂಗಡಿಗಳಲ್ಲಿ ಈ ಚೀಲಗಳು ವ್ಯಾಪಕವಾಗಿ ಬಳಕೆಗೆ ಬಂದವು.

ಪ್ಲಾಸ್ಟಿಕ್ ತ್ಯಾಜ್ಯದ ಸಮಸ್ಯೆ ಹೆಚ್ಚಿದಂತೆ ಬಟ್ಟೆಯ ಚೀಲಕ್ಕೆ ಮತ್ತೆ ಬೇಡಿಕೆ ಬಂದಿದೆ. ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರದ ನಿಯಮದಂತೆ 2022ರ ಡಿಸೆಂಬರ್ 31ರಿಂದ ದೇಶದಲ್ಲಿ 120 ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲಗಳಿಗೆ ಅವಕಾಶವಿಲ್ಲ.

ಬಟ್ಟೆಯ ಆಯ್ಕೆ

ಒತ್ತಾಗಿ ನೇಯ್ದ, ಹಿಗ್ಗದ ಹತ್ತಿ ಬಟ್ಟೆ ಇದಕ್ಕೆ ಸೂಕ್ತ. ಕ್ಯಾನ್ವಾಸ್, ದಪ್ಪ ಖಾದಿ, ಡೆನಿಮ್ ಮೊದಲಾದವನ್ನು ಬಳಸಬಹುದು. ಹಳೆಯ ಪರದೆ, ಹೊದಿಕೆ, ಪ್ಯಾಂಟುಗಳ ಗಟ್ಟಿ ಭಾಗಗಳೂ ಆಗುತ್ತವೆ. ಹಳೆಯ ಸೀರೆ, ಲುಂಗಿಗಳಂತಹ ತೆಳು ಬಟ್ಟೆಯನ್ನು ಎರಡು ಪದರ ಮಾಡಿ ಹೊಲಿಯುವುದು ಉತ್ತಮ. ಬೆಳಕಿಗೆ ಹಿಡಿದಾಗ ಸವೆದು ಜಾಳಾಗಿ ಕಾಣುವ ಭಾಗವನ್ನು ಬಿಡಬೇಕು.

ಹತ್ತಿ ಬಟ್ಟೆಯು ಒಗೆದಾಗ ಕುಗ್ಗುತ್ತದೆ. ಆದ್ದರಿಂದ ಹೊಸ ಬಟ್ಟೆಯನ್ನು ಕತ್ತರಿಸುವ ಮೊದಲೇ ಒಗೆದು, ಒಣಗಿಸಿ, ಇಸ್ತ್ರಿ ಮಾಡಲಾಗುತ್ತದೆ. ಬಣ್ಣ ಬಿಡುವ ಬಟ್ಟೆಯಾಗಿದ್ದರೆ ಅದೂ ಈ ಹಂತದಲ್ಲಿಯೇ ತಿಳಿಯುತ್ತದೆ.

ಅಳತೆ

ಸುಮಾರು 35 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಚೀಲಕ್ಕೆ 90 ಸೆಂ.ಮೀ. ಪನ್ನಾ ಇರುವ ಒಂದು ಮೀಟರ್ ಬಟ್ಟೆ ಸಾಕು. ಅದರಿಂದ ಕೆಳಗಿನ ತುಂಡುಗಳನ್ನು ಕತ್ತರಿಸಬೇಕು.

- ಚೀಲದ ಮೈ: 38 ಸೆಂ.ಮೀ. ಅಗಲ, 88 ಸೆಂ.ಮೀ. ಉದ್ದದ ಒಂದು ತುಂಡು
- ಹಿಡಿಕೆ: 10 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಎರಡು ಪಟ್ಟಿಗಳು

ಮೈಯ ಅಗಲದಲ್ಲಿ 3 ಸೆಂ.ಮೀ. ಪಕ್ಕದ ಹೊಲಿಗೆಗೂ, ಉದ್ದದಲ್ಲಿ 8 ಸೆಂ.ಮೀ. ಬಾಯಿಯ ಮಡಿಕೆಗೂ ಸಲ್ಲುತ್ತದೆ. ಹೆಗಲಿಗೆ ಹಾಕಿಕೊಳ್ಳುವ ಚೀಲವಾದರೆ ಹಿಡಿಕೆಯ ಪಟ್ಟಿಗಳನ್ನು 70 ಸೆಂ.ಮೀ. ಉದ್ದಕ್ಕೆ ಕತ್ತರಿಸಬಹುದು. ಪಟ್ಟಿಗಳ ಉದ್ದವು ಬಟ್ಟೆಯ ಹಾಸಿನ ದಿಕ್ಕಿನಲ್ಲಿರಬೇಕು. ಓರೆಯಾಗಿ ಕತ್ತರಿಸಿದ ಪಟ್ಟಿ ಭಾರಕ್ಕೆ ಜಗ್ಗುತ್ತದೆ.

ಹೊಲಿಯುವ ವಿಧಾನ

1. ಹಿಡಿಕೆ: ಪಟ್ಟಿಯನ್ನು ಉದ್ದಕ್ಕೆ ಅರ್ಧ ಮಡಚಿ ಇಸ್ತ್ರಿ ಮಾಡಿ ನಡುಗೆರೆ ಮೂಡಿಸಲಾಗುತ್ತದೆ. ಬಿಡಿಸಿ, ಎರಡೂ ಅಂಚುಗಳನ್ನು ಆ ಗೆರೆಯವರೆಗೆ ಮಡಚಿ, ಮತ್ತೆ ಅರ್ಧ ಮಡಚಿದರೆ 2.5 ಸೆಂ.ಮೀ. ಅಗಲದ ನಾಲ್ಕು ಪದರದ ಪಟ್ಟಿಯಾಗುತ್ತದೆ. ಇದರ ಎರಡೂ ಉದ್ದ ಅಂಚುಗಳಲ್ಲಿ ಹೊಲಿಗೆ ಹಾಕಲಾಗುತ್ತದೆ.

2. ಪಕ್ಕಗಳು: ಮೈಯ ತುಂಡನ್ನು ಹೊರಮೈ ಮೇಲೆ ಕಾಣುವಂತೆ ಉದ್ದದಲ್ಲಿ ಅರ್ಧ ಮಡಚಿದಾಗ ಮಡಿಕೆಯೇ ಚೀಲದ ತಳವಾಗುತ್ತದೆ. ಎರಡೂ ಪಕ್ಕಗಳನ್ನು ಅಂಚಿನಿಂದ 0.5 ಸೆಂ.ಮೀ. ಒಳಗೆ ಹೊಲಿದು, ಹೊರಗೆ ಉಳಿದ ನೂಲಿನ ಎಳೆಗಳನ್ನು ಕತ್ತರಿಸಬೇಕು. ಬಳಿಕ ಚೀಲವನ್ನು ಒಳಮೈ ಹೊರಬರುವಂತೆ ತಿರುವಿ, ಅದೇ ಪಕ್ಕಗಳನ್ನು 1 ಸೆಂ.ಮೀ. ಒಳಗೆ ಮತ್ತೊಮ್ಮೆ ಹೊಲಿಯಬೇಕು. ಬಿಚ್ಚಿಕೊಳ್ಳುವ ಅಂಚು ಎರಡು ಹೊಲಿಗೆಗಳ ನಡುವೆ ಮುಚ್ಚಿಹೋಗುತ್ತದೆ. ಇದಕ್ಕೆ ಫ್ರೆಂಚ್ ಸೀಮ್ ಎಂದು ಹೆಸರು.

3. ಬಾಯಿ: ಮೇಲಿನ ಅಂಚನ್ನು ಒಳಮೈಯತ್ತ ಮೊದಲು 1 ಸೆಂ.ಮೀ., ನಂತರ 3 ಸೆಂ.ಮೀ. ಮಡಚಿ ಇಸ್ತ್ರಿ ಮಾಡಲಾಗುತ್ತದೆ. ಪ್ರತಿ ಬದಿಯಲ್ಲಿ ಪಕ್ಕದ ಹೊಲಿಗೆಯಿಂದ 9 ಸೆಂ.ಮೀ. ದೂರದಲ್ಲಿ ಹಿಡಿಕೆಯ ತುದಿಗಳನ್ನು ಮಡಿಕೆಯೊಳಗೆ ಪೂರ್ತಿ ಸೇರಿಸಿ ಗುಂಡುಸೂಜಿ ಚುಚ್ಚಬೇಕು. ಹಿಡಿಕೆಯು ತಿರುಚಿಕೊಂಡಿಲ್ಲವೆಂದು ನೋಡಿಕೊಂಡು, ಮಡಿಕೆಯ ಕೆಳ ಅಂಚಿನಲ್ಲಿ ಸುತ್ತಲೂ ಹೊಲಿಯಬೇಕು.

4. ಹಿಡಿಕೆಯ ಭದ್ರತೆ: ಹಿಡಿಕೆಯನ್ನು ಮೇಲಕ್ಕೆ ತಿರುಗಿಸಿ, ಬಾಯಿಯ ಮಡಿಕೆಯ ಮೇಲೆ ಅದು ಕೂರುವ ಜಾಗದಲ್ಲಿ ಚೌಕಾಕಾರವಾಗಿ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಗುಣಾಕಾರ ಚಿಹ್ನೆಯಂತೆ ಅಡ್ಡ ಹೊಲಿಗೆ ಹಾಕಬೇಕು. ಭಾರವೆಲ್ಲ ಈ ನಾಲ್ಕು ಜಾಗಗಳ ಮೇಲೆ ಬೀಳುತ್ತದೆ. ಒಂದೇ ಸಾಲಿನ ಹೊಲಿಗೆಯಾದರೆ ಬಟ್ಟೆ ಗಟ್ಟಿಯಾಗಿದ್ದರೂ ಹಿಡಿಕೆ ಕಿತ್ತುಬರುತ್ತದೆ.

ಪ್ರತಿ ಹೊಲಿಗೆಯ ಆರಂಭ ಮತ್ತು ಕೊನೆಯಲ್ಲಿ ಯಂತ್ರವನ್ನು ಎರಡು ಮೂರು ಹೊಲಿಗೆಗಳಷ್ಟು ಹಿಂದಕ್ಕೆ ನಡೆಸಿದರೆ ದಾರ ಬಿಚ್ಚಿಕೊಳ್ಳುವುದಿಲ್ಲ. ದಪ್ಪ ಬಟ್ಟೆಗೆ 16ನೇ ಸಂಖ್ಯೆಯ ಸೂಜಿ ಹೊಂದುತ್ತದೆ. ಯಂತ್ರವಿಲ್ಲದವರು ಜೋಡಿ ದಾರದಿಂದ ಬ್ಯಾಕ್ ಸ್ಟಿಚ್ ಹಾಕಿ ಕೈಯಲ್ಲಿಯೇ ಹೊಲಿಯಬಹುದು.

ತಳ ಅಗಲವಾಗಬೇಕಾದರೆ, ಬಾಯಿ ಹೊಲಿಯುವ ಮೊದಲು ಕೆಳಗಿನ ಮೂಲೆಗಳನ್ನು ತ್ರಿಕೋನವಾಗಿ ಚಪ್ಪಟೆ ಮಾಡಿ, ತುದಿಯಿಂದ 5 ಸೆಂ.ಮೀ. ದೂರದಲ್ಲಿ ಅಡ್ಡಲಾಗಿ ಹೊಲಿಯಲಾಗುತ್ತದೆ. ಇದರಿಂದ 10 ಸೆಂ.ಮೀ. ಅಗಲದ ತಳ ದೊರೆಯುತ್ತದೆ. ಚೀಲದ ಎತ್ತರ 5 ಸೆಂ.ಮೀ. ಕಡಿಮೆಯಾಗುತ್ತದೆ.

ಉಡುಗೊರೆಯಾಗಿ

ಕರ್ನಾಟಕದಲ್ಲಿ ಮದುವೆ, ಗೃಹಪ್ರವೇಶ, ಉಪನಯನಗಳಿಗೆ ಬಂದವರಿಗೆ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆಗಳನ್ನು ತಾಂಬೂಲದ ಚೀಲದಲ್ಲಿಟ್ಟು ಕೊಡುವ ಸಂಪ್ರದಾಯವಿದೆ. ಈ ಚೀಲಗಳ ಮೇಲೆ ವಧೂವರರ ಹೆಸರು, ದಿನಾಂಕಗಳನ್ನು ಅಚ್ಚು ಹಾಕಿಸುವುದುಂಟು. ಕೇವಲ ಒಂದು ತೆಂಗಿನಕಾಯಿ ಹಿಡಿಯುವ ಚೀಲಕ್ಕೆ ಮುಂದೆ ಉಪಯೋಗ ಕಡಿಮೆ; ತರಕಾರಿ, ಪುಸ್ತಕ ಅಥವಾ ಊಟದ ಡಬ್ಬಿ ಹಿಡಿಯುವಷ್ಟು ದೊಡ್ಡದಾದ ಚೀಲ ಮರುಬಳಕೆಗೆ ಬರುತ್ತದೆ. ಪಡೆಯುವವರ ಬಳಕೆಯನ್ನು ಗಮನಿಸಿ ಅಳತೆಯನ್ನು ನಿರ್ಧರಿಸಬಹುದು. ಮೇಲಿನ ಅಳತೆಯಲ್ಲಿ ಉಳಿಯುವ ಬಟ್ಟೆಯಿಂದ ಒಳಜೇಬನ್ನೂ ಹೊಲಿಯಬಹುದು. ಮನೆಯವರ ಹಳೆಯ ಸೀರೆಯಿಂದ ಹೊಲಿದ ಚೀಲವು ನೆನಪಿನ ಕಾಣಿಕೆಯೂ ಆಗುತ್ತದೆ.

ಪರಿಸರದ ಮೇಲಿನ ಪರಿಣಾಮ

ಬಟ್ಟೆಯ ಚೀಲವು ತಾನಾಗಿಯೇ ಪರಿಸರಸ್ನೇಹಿಯಲ್ಲ. ಹತ್ತಿ ಬೆಳೆಯಲು, ನೂಲಲು, ಬಣ್ಣ ಹಾಕಲು ನೀರು ಮತ್ತು ಶಕ್ತಿ ಹೆಚ್ಚು ಬೇಕಾಗುತ್ತದೆ. ಇಂಗ್ಲೆಂಡಿನ ಪರಿಸರ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹವಾಮಾನದ ಮೇಲಿನ ಪರಿಣಾಮದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲಕ್ಕಿಂತ ಹತ್ತಿಯ ಚೀಲವು ಉತ್ತಮವಾಗಬೇಕಾದರೆ ಅದನ್ನು ಕನಿಷ್ಠ 131 ಬಾರಿ ಬಳಸಬೇಕು. ವಾರಕ್ಕೊಮ್ಮೆ ಸಂತೆಗೆ ಒಯ್ದರೆ ಇದಕ್ಕೆ ಸುಮಾರು ಎರಡೂವರೆ ವರ್ಷ ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲಗಳು ಚರಂಡಿ, ಕೆರೆಗಳನ್ನು ಸೇರಿ ಉಂಟುಮಾಡುವ ಹಾನಿ ಈ ಲೆಕ್ಕದಲ್ಲಿ ಸೇರಿಲ್ಲ. ಆದರೂ ಹೊಸ ಚೀಲಗಳನ್ನು ಸಂಗ್ರಹಿಸಿ ಬೀರುವಿನಲ್ಲಿಡುವುದರಿಂದ ಪ್ರಯೋಜನವಿಲ್ಲ. ಮನೆಯಲ್ಲಿರುವ ಹಳೆಯ ಬಟ್ಟೆಯಿಂದ ಹೊಲಿದಾಗ ಹೊಸ ಬಟ್ಟೆಯ ಅಗತ್ಯವೇ ಬರುವುದಿಲ್ಲ. ಹಿಡಿಕೆಯ ಹೊಲಿಗೆ ಭದ್ರವಾಗಿದ್ದಷ್ಟೂ ಚೀಲದ ಬಾಳಿಕೆ ಹೆಚ್ಚುತ್ತದೆ.

ನಿರ್ವಹಣೆ

ಚೀಲವನ್ನು ಸಾಮಾನ್ಯ ಸಾಬೂನಿನಿಂದ ಒಗೆದು, ಒಳಮೈ ಹೊರಗೆ ಮಾಡಿ ಒಣಗಿಸಬೇಕು. ಮೀನು, ಮಾಂಸಗಳಿಗೆ ಪ್ರತ್ಯೇಕ ಚೀಲವಿಟ್ಟುಕೊಂಡು ಬಳಸಿದ ಮೇಲೆ ತಪ್ಪದೆ ಒಗೆಯುವುದು ಆರೋಗ್ಯಕರ. ಹಿಡಿಕೆಯ ಬಳಿ ದಾರ ಸಡಿಲವಾದದ್ದು ಕಂಡಾಗ ತಕ್ಷಣ ಮರುಹೊಲಿಗೆ ಹಾಕಿದರೆ ಬಟ್ಟೆ ಹರಿಯುವುದು ತಪ್ಪುತ್ತದೆ.