ಬಂಗಲೆಗೆ ಮುಂಚಿನ ರಾತ್ರಿಗಳು

ನೀಲಗಿರಿಯ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ 1819ರ ಜನವರಿಯಿಂದ, ಅಂದರೆ ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ ಬೆಟ್ಟವನ್ನೇರಿದಲ್ಲಿಂದ, ಕಥೆಯನ್ನಾರಂಭಿಸುತ್ತಾರೆ. ಅದಕ್ಕೆ ಮೊದಲು ಹೊರಗಿನವರಾರೂ ಈ ಶಿಖರಗಳ ನಡುವೆ ರಾತ್ರಿಯನ್ನು ಕಳೆದಿರಲಿಲ್ಲವೆ? ಕಳೆದಿದ್ದರು. ಅವರು ತಂಗಿದ್ದು ಎಲ್ಲಿ, ಆ ಚಳಿಯಲ್ಲಿ ಅವರಿಗೆ ಬೆಂಕಿಯ ಬಳಿ ಜಾಗ ಕೊಟ್ಟವರು ಯಾರು ಎಂದು ವಿಚಾರಿಸಹೊರಟರೆ ಚರಿತ್ರೆಯ ಮುಖವೇ ಸ್ವಲ್ಪ ತಿರುಗುತ್ತದೆ.

ಚಾಮರಾಜನಗರದ 1117ರ ಶಾಸನವು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ ವಿಜಯಗಳನ್ನು ಹೇಳುವಾಗ ತೋಡರನ್ನೂ ನೀಲಗಿರಿಯನ್ನೂ ಹೆಸರಿಸುತ್ತದೆ. ಆದರೆ ಶಾಸನಗಳು ಗೆಲವನ್ನು ಹೇಳುತ್ತವೆಯೇ ಹೊರತು ಸೈನಿಕರು ಎಲ್ಲಿ ಮಲಗಿದರೆಂಬುದನ್ನು ಹೇಳುವುದಿಲ್ಲ. ಅಂಥ ಸಂಗತಿಗೆ ನಾವು 1603ರವರೆಗೆ ಕಾಯಬೇಕು. ಆ ವರ್ಷ ಯಾಕೊಮೊ ಫೆನಿಚಿಯೊ ಎಂಬ ಇಟಲಿಯ ಜೆಸ್ಯೂಯಿಟ್ ಪಾದ್ರಿ, ಬೆಟ್ಟದ ಮೇಲೆ ಹಿಂದಿನ ಕಾಲದ ಕ್ರೈಸ್ತರು ಉಳಿದಿರಬಹುದೆಂಬ ವದಂತಿಯನ್ನು ನಂಬಿ, ಮಲಬಾರಿನ ಕಡೆಯಿಂದ ಹತ್ತಿ ಬಂದನು. ಕ್ರೈಸ್ತರು ಸಿಗಲಿಲ್ಲ. ಸಿಕ್ಕಿದ್ದು ಬಡಗರ ಹಟ್ಟಿ ಮತ್ತು ಎಮ್ಮೆಗಳ ನಡುವೆ ಬಾಳುವ ತೋಡರು. ಅವನು ತೋಡ ಹೆಂಗಸರಿಗೆ ಕನ್ನಡಿಗಳನ್ನು ಹಂಚಿದನಂತೆ. ಅವನ ಪತ್ರದ ಅನುವಾದವನ್ನು ರಿವರ್ಸ್ ತನ್ನ 1906ರ ತೋಡರ ಕುರಿತ ಗ್ರಂಥದಲ್ಲಿ ಸೇರಿಸಿದ್ದಾನೆ.

ಪಾದ್ರಿಯ ಈ ಪ್ರವಾಸ ನಮಗೆ ಮುಖ್ಯವಾಗುವುದು ಬೇರೊಂದು ಕಾರಣಕ್ಕೆ. ಬಡಗ ಎಂದರೆ ಉತ್ತರದವನು. ಮೈಸೂರು ಸೀಮೆಯಿಂದ ವಲಸೆ ಬಂದವರೆಂಬ ಐತಿಹ್ಯ ಅವರಲ್ಲಿಯೇ ಇದೆ. ಅವರ ನುಡಿಗೂ ಕನ್ನಡಕ್ಕೂ ಇರುವ ನಂಟು ಅವರ ಮಾತನ್ನು ಕೇಳಿದ ಯಾವ ಕನ್ನಡಿಗನಿಗೂ ಹೊಳೆಯುತ್ತದೆ. ಅವರು ಯಾವಾಗ ಬಂದರೆಂಬ ಚರ್ಚೆ ಮುಗಿಯದಿದ್ದರೂ, 1603ರ ಹೊತ್ತಿಗೆ ಅವರು ಇಲ್ಲಿ ಊರು ಕಟ್ಟಿಕೊಂಡು ನೆಲೆಯೂರಿದ್ದರೆಂಬುದಕ್ಕೆ ದಾರಿ ತಪ್ಪಿ ಬಂದಂತಿದ್ದ ಆ ಅತಿಥಿಯೇ ಸಾಕ್ಷಿಯಾದನು.

ಹಟ್ಟಿಯ ಮನೆ ಎಂಥದು? ಮನೆಗಳು ಒಂದಕ್ಕೊಂದು ತಾಗಿ ಸಾಲಾಗಿ ನಿಂತಿರುತ್ತಿದ್ದುವು, ಮುಂದೆ ಬಯಲಂಗಳ. ಹೊರಗಿನ ಕೋಣೆ ಎಡುಮನೆ, ಒಳಗಿನದು ಒಗಮನೆ, ಹಾಲಿನ ಪಾತ್ರೆಗಳಿಗಾಗಿ ಪ್ರತ್ಯೇಕವಾದ ಹಾಗೊಟ್ಟು. ಈ ಹೆಸರುಗಳನ್ನು ಓದುವಾಗಲೇ ನಮ್ಮ ಹಳ್ಳಿಮನೆಗಳ ನಡುಮನೆ, ಒಳಮನೆಗಳು ನೆನಪಾಗುವುದಿಲ್ಲವೆ? ತೋಡರ ಗುಡಿಸಲಾದರೋ ಅರ್ಧ ಪೀಪಾಯಿಯನ್ನು ನೆಲದ ಮೇಲೆ ಕವುಚಿದಂತೆ, ಬಿದಿರು ಬೆತ್ತಗಳನ್ನು ಬಾಗಿಸಿ ಹುಲ್ಲು ಹೊದಿಸಿದ್ದು. ಬಾಗಿಲು ಸುಮಾರು 3 ಅಡಿ. ಎಂಥ ಮಾನ್ಯನೂ ತೆವಳಿಯೇ ಒಳಹೊಗಬೇಕು. ನೋಡಿದವರು ಇದನ್ನು ಬಡತನವೆಂದು ಬರೆದರು. ಜನವರಿಯಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುವ ಎತ್ತರದಲ್ಲಿ, ಒಳಗಿನ ಒಲೆಯ ಕಾವು ಹೊರಹೋಗದಂತೆ, ಗಾಳಿ ಒಳನುಗ್ಗದಂತೆ ಮಾಡಿದ ಜಾಣ್ಮೆಯೆಂದು ನನಗೆ ತೋರುತ್ತದೆ.

ಬುಡದಲ್ಲಿ ತಂಗುವುದು ಇನ್ನೂ ಕಷ್ಟ. ತಪ್ಪಲಿನ ಕಾಡುಜ್ವರಕ್ಕೆ ಎಲ್ಲರೂ ಅಂಜುತ್ತಿದ್ದರು. ಭವಾನಿ ತೀರದ ದಣ್ಣಾಯಕನಕೋಟೆಯೇ ಬೆಟ್ಟಕ್ಕೆ ಹೆಬ್ಬಾಗಿಲು. 1812ರಲ್ಲಿ ಸರ್ವೆಯ ಕೀಸ್ ಮತ್ತು ಮ್ಯಾಕ್‌ಮಹನ್, 1818ರಲ್ಲಿ ವಿಶ್ ಮತ್ತು ಕಿಂಡರ್ಸ್‌ಲಿ ಈ ಕಡೆಯಿಂದಲೇ, ದೇನಾಡಿನ ಮಾರ್ಗವಾಗಿ ಏರಿದರು. ಕೊನೆಯ ಇಬ್ಬರು ಹೊಗೆಸೊಪ್ಪಿನ ಕಳ್ಳಸಾಗಣೆಗಾರರನ್ನು ಅಟ್ಟಿಕೊಂಡು ಹೋದರೆಂಬ ಕಥೆಯೂ ಉಂಟು. ಕಳ್ಳಸಾಗಣೆಗಾರರಿಗೆ ಆ ಹಾದಿ ಮೊದಲೇ ತಿಳಿದಿತ್ತೆಂದಾದರೆ ಬೆಟ್ಟವನ್ನು 'ಕಂಡುಹಿಡಿದ' ಕೀರ್ತಿ ಯಾರಿಗೆ ಸಲ್ಲಬೇಕು?

ಸಲಿವನ್ ಕೋಟಗಿರಿಯ ಬಳಿ, ದಿಂಬಟ್ಟಿಯ ಆಸುಪಾಸಿನಲ್ಲಿ, ಬಂಗಲೆಯನ್ನು ಕಟ್ಟಿಸಿದನು. ಕಾಯಿಲೆಯಿಂದ ಬಳಲಿದ್ದ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಲೆಶನೋ 1819ರಲ್ಲೇ ಬೆಟ್ಟಕ್ಕೆ ಬಂದು ಚೇತರಿಸಿಕೊಂಡನು. ಆರೋಗ್ಯಧಾಮವೆಂಬ ಖ್ಯಾತಿಗೆ ಅದೇ ಮೊದಲು. 1821ರಿಂದ 1823ರವರೆಗೆ ಕೈದಿಗಳನ್ನು ದುಡಿಸಿ ಸಿರುಮುಗೆಯಿಂದ ರಸ್ತೆ ಮಾಡಿಸಲಾಯಿತು. ಉದಕಮಂಡಲದಲ್ಲಿ ತೋಡರಿಂದ ಎಕರೆಗೆ ಒಂದು ರೂಪಾಯಿಯಂತೆ ಕೊಂಡ ನೆಲದಲ್ಲಿ ಎದ್ದ ಕಲ್ಲಿನ ಮನೆಯನ್ನು ಜನ ಕಲ್ಲುಬಂಗಲೆ ಎಂದರು. ಅಂದಿನಿಂದ ಅತಿಥಿಯೇ ಮನೆಯ ಯಜಮಾನನಾದನು.

ಕಲ್ಲುಬಂಗಲೆಯ ಆವರಣದಲ್ಲಿ ಇಂದು ಸರ್ಕಾರಿ ಕಲಾ ಕಾಲೇಜಿದೆ. ಕೋಟಗಿರಿಯ ಕನ್ನೇರಿಮುಕ್ಕಿನ ಬಂಗಲೆ ಪಾಳುಬಿದ್ದು, ಮತ್ತೆ ದುರಸ್ತಿಯಾಗಿ ಸಲಿವನನ ಸ್ಮಾರಕವಾಗಿದೆ. ಹುಲ್ಲುಮಾಡಿನ ಹಳೆಯ ಹಟ್ಟಿಮನೆಗಳ ಜಾಗದಲ್ಲಿ ಹೆಂಚಿನ, ಕಾಂಕ್ರೀಟಿನ ಮನೆಗಳು ಬಂದಿವೆ. ಪಯಣಿಗರು ಹೊರಡುತ್ತಿದ್ದ ದಣ್ಣಾಯಕನಕೋಟೆಯಾದರೋ 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟಿನ ನೀರಿನಡಿಯಲ್ಲಿದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರು ತಗ್ಗಿದಾಗ ಅಲ್ಲಿನ ಮಾಧವ ಪೆರುಮಾಳ್ ದೇವಾಲಯದ ಕಲ್ಲುಗಳು ಮೇಲೆದ್ದು ಕಾಣುತ್ತವೆ.