ಬೆಂಗಳೂರಿಗಿಂತ ಮೊದಲು ಅವ್ವನ ಊರಿಗೆ ಬಂದ ಟಿವಿ ಡಾಕ್ಟರಮ್ಮ



ಹಳೇ ಟಿವಿ ಧಾರಾವಾಹಿಗಳ ಬಗ್ಗೆ ಗೆಳೆಯರು ಬರೀತಿರೋದನ್ನ ಓದ್ತಿದ್ದೀನಿ. ಎಲ್ಲರೂ 1984ರ 'ಹಮ್ ಲೋಗ್'ನಿಂದ ಶುರು ಮಾಡ್ತಾರ. ಅದರಾಗಿನ ಛುಟ್ಕಿಗೆ ಡಾಕ್ಟರ್ ಆಗೋ ಆಸೆ ಇತ್ತು ಅಂತ ನೆನಸ್ತಾರ. ಇನ್ನು ಕನ್ನಡದ ಟಿವಿ ಚರಿತ್ರೆ ಅಂದ್ರ 1981, ಬೆಂಗಳೂರು ದೂರದರ್ಶನ. ನನ್ನ ತಕರಾರು ಇಲ್ಲೇ ಐತಿ. ಕನ್ನಡ ಮಾತಾಡೋ ಟಿವಿ ಮೊದಲು ಬಂದದ್ದು ಬೆಂಗಳೂರಿಗಲ್ಲ, ನಮ್ಮ ಕಡೆಗೆ. ಅದರಾಗ ದವಾಖಾನಿ ನಾಟಕಾನೂ ಇತ್ತು, ನಮ್ಮವ್ವ ನೋಡ್ಯಾಳ.

1975ರ ಆಗಸ್ಟ್ 1ಕ್ಕೆ 'ಸೈಟ್' ಅನ್ನೋ ಪ್ರಯೋಗ ಶುರುವಾಯ್ತು. ಉಪಗ್ರಹದಿಂದ ಸೀದಾ ಹಳ್ಳಿಗೆ ಟಿವಿ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನ ಒಂದು ವರ್ಷದ ಮಟ್ಟಿಗೆ ಕೊಟ್ಟಿತ್ತು, ಇಲ್ಲಿನ ತಾಂತ್ರಿಕ ಕೆಲಸ ಇಸ್ರೋದ್ದು. ಆರು ರಾಜ್ಯಗಳ ಸುಮಾರು 2400 ಹಳ್ಳಿ. ಕರ್ನಾಟಕದಾಗ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆ. ಆಗ ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳೇ. ಹಿಂದುಳಿದ ಜಿಲ್ಲೆ ಅಂತಲೇ ಆರಿಸಿದ್ದು. ಹಿಂದುಳಿದದ್ದಕ್ಕೆ ನಮಗ ಏನಾದ್ರೂ ಮೊದಲು ಸಿಕ್ಕಿದ್ರ ಅದು ಇದೊಂದೇ ಇರಬೇಕು!

ಕೋಳಿಗೂಡಿಗೆ ಹಾಕ್ತಾರಲ್ಲ, ಅಂಥ ಜಾಲರಿಯಿಂದ ಮಾಡಿದ ಹತ್ತು ಅಡಿ ಅಗಲದ ಛತ್ರಿ. ಅದರ ಕೆಳಗ ಟಿವಿ ಪೆಟ್ಟಿಗೆ. ಮುಂಜಾನೆ ಸಾಲಿ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ. ಕನ್ನಡದ ಕಾರ್ಯಕ್ರಮ ತಯಾರಾಗ್ತಿದ್ದದ್ದು ಹೈದರಾಬಾದಿನಾಗ. ಆ ಉಪಗ್ರಹದಾಗ ಒಂದೇ ಚಿತ್ರಕ್ಕ ಎರಡು ಭಾಷೆಯ ದನಿ ಕಳಿಸೋ ಸೌಲಭ್ಯ ಇತ್ತು, ಹಂಗಾಗಿ ಅದೇ ಚಿತ್ರಕ್ಕ ಅಲ್ಲಿ ತೆಲುಗು, ಇಲ್ಲಿ ಕನ್ನಡ.

ಪೆಟ್ಟಿಗೆ ಇಟ್ಟದ್ದು ಸಾಲಿ, ಪಂಚಾಯ್ತಿಯಂಥ ಸಾರ್ವಜನಿಕ ಕಟ್ಟಡದಾಗ. ಎಲ್ಲ ಜಾತಿಯವರೂ ಬರಬೇಕು ಅನ್ನೋದು ಉದ್ದೇಶ. ಕಾಗದದ ಮೇಲೆ ಸರಿ. ನಾನು ಕಚೇರಿಯಾಗ ಕಾಗದ ನೋಡೋ ಮನಷ್ಯ, ಕಾಗದಕ್ಕೂ ಕಟ್ಟಿಗೂ ಇರೋ ದೂರ ನನಗ ಗೊತ್ತು. ಅವ್ವಗ ಆಗ ಹದಿಮೂರು ವರ್ಷ, ತವರಾಗಿದ್ಲು. ಸಾಲಿ ಕಟ್ಟಿ ಮ್ಯಾಲೆ ಊರವರು, ಅಂಗಳದಾಗ ಅವರ ಮಕ್ಕಳು, ಹಿಂದಿನ ಬೇವಿನ ಗಿಡದ ಬುಡಕ್ಕ ನಮ್ಮ ಕೇರಿಯವರು. ಯಾರೂ ಬರಬ್ಯಾಡ ಅನ್ನಲಿಲ್ಲ. ಎಲ್ಲಿ ಕೂಡಬೇಕು ಅಂತ ಯಾರೂ ಹೇಳಲೂ ಇಲ್ಲ, ಹೇಳೋದೇ ಬೇಕಿರಲಿಲ್ಲ. ಅಲ್ಲಿಂದ ಚಿತ್ರ ಅಂಗೈಯಷ್ಟು ಕಾಣ್ತಿತ್ತು, ದನಿ ಗಾಳಿ ಬಂದಂಗ ಬರ್ತಿತ್ತು.

ಅವ್ವಗ ಕತಿ ಪೂರ್ತಿ ನೆನಪಿಲ್ಲ. ಬಿಳಿ ಕೋಟಿನ ಡಾಕ್ಟರಮ್ಮ, ವಾಂತಿಭೇದಿ ಆದ ಕೂಸು, ತಾಯತ ಕಟ್ಟಸ್ರಿ ಅನ್ನೋ ಮುದುಕಿ, ಕಡೀಗೆ ದವಾಖಾನಿ. ಆದ್ರ ಒಂದು ಮಾತು ಪ್ರತಿ ಸಲ ಹೇಳ್ತಾಳ: "ಆಕಿ ಕೂಸಿನ ಕೈ ಹಿಡದು ನೋಡಿದ್ಲಪ್ಪ. ಕೂಸಿನ ಮೈಮ್ಯಾಗ ಹರಕ ಅಂಗಿ. ಆದ್ರೂ ಮುಟ್ಟಿದ್ಲು."

ಯಾಕಂದ್ರ ಅವ್ವನ ಊರಿಗೆ ಸೂಜಿ ಮಾಡಾಕ ಬರ್ತಿದ್ದವ ನಮ್ಮವರ ಕೈಗೆ ಗುಳಿಗಿ ಮ್ಯಾಲಿಂದ ಬೀಳಸ್ತಿದ್ದ. ನಾಡಿ ನೋಡ್ತಿರಲಿಲ್ಲ, ನಾಲಿಗಿ ಅಷ್ಟೇ ನೋಡ್ತಿದ್ದ. ಆಸ್ಪತ್ರೆಗೆ ಸೇರಿಸಿಕೊಳ್ಳದೇ ಇರೋದು ಅಪರಾಧ ಅಂತ 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆಯ 5ನೇ ಕಲಂ ಆಗಲೇ ಹೇಳಿತ್ತು. ನಾಡಿ ಹಿಡೀಲಾರದ್ದಕ್ಕ ಯಾರು ಯಾರ ಮ್ಯಾಲೆ ಕೇಸ್ ಹಾಕ್ತಾರ? ಅದೇ ಕಾಯ್ದೆ ತಿದ್ದುಪಡಿಯಾಗಿ, ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅನ್ನೋ ಹೆಸರಿನಿಂದ ಜಾರಿಗೆ ಬಂದದ್ದು 1976ರ ನವೆಂಬರ್‌ನಾಗ. ಅಷ್ಟೊತ್ತಿಗೆ ಟಿವಿ ಹೋಗಿತ್ತು.

ಇನ್ನೊಂದು ಮಾತು ಮುಚ್ಚಿಡಬಾರದು. ಆ ವರ್ಷ ಪೂರ್ತಿ ತುರ್ತು ಪರಿಸ್ಥಿತಿ. ಟಿವಿಯಾಗ ಡಾಕ್ಟರಮ್ಮ ನಕ್ಕೊಂತ ಚಿಕ್ಕ ಸಂಸಾರದ ಮಾತು ಹೇಳ್ತಿದ್ಲು. ಹೊರಗ ಜೀಪಿನ ಸದ್ದು ಕೇಳಿದ್ರ ಕೇರಿಯ ಗಂಡಸರು ಜ್ವಾಳದ ಹೊಲ ಹೊಕ್ಕೊಂತಿದ್ರಂತ. 1976-77ರ ಒಂದೇ ವರ್ಷ ದೇಶದಾಗ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ಆದವು, ಬಹುಪಾಲು ಗಂಡಸರಿಗೆ. ಹಂಗಾಗಿ ನಮ್ಮಜ್ಜ ಆ ನಾಟಕ ನೋಡಾಕ ಬರ್ತಿರಲಿಲ್ಲ. "ಅದು ಸರ್ಕಾರದ ಕಣ್ಣು, ನಾವು ಅದನ್ನ ನೋಡಿದ್ರ ಅದೂ ನಮ್ಮನ್ನ ನೋಡ್ತದ" ಅಂತಿದ್ದನಂತ. ಅಜ್ಜನ್ನ ತಿಳಿಗೇಡಿ ಅನ್ನಾಕ ನನಗ ಬಾಯಿ ಬರೋದಿಲ್ಲ. ಅವ್ವ ಕಂಡ ಕೈನೂ ಖರೇ, ಅಜ್ಜ ಅಂಜಿದ ಜೀಪೂ ಖರೇ.

1976ರ ಜುಲೈ 31ಕ್ಕೆ ಪ್ರಯೋಗ ಮುಗೀತು. ಉಪಗ್ರಹ ವಾಪಸ್ ಹೋಯ್ತು. 1977ರಾಗ ಗುಲ್ಬರ್ಗಾದಾಗ ಟಿವಿ ಪ್ರಸಾರ ಕೇಂದ್ರ ಶುರುವಾಯ್ತು, ಅದೂ ಬೆಂಗಳೂರಿಗಿಂತ ಮೊದಲೇ. ಆದ್ರ ಅವ್ವನ ಊರಿನ ಪೆಟ್ಟಿಗ್ಯಾಗ ಮತ್ತ ಚಿತ್ರ ಬರಲಿಲ್ಲ. ಜಾಲರಿ ಛತ್ರಿಯನ್ನ ಯಾರೋ ಬಿಚ್ಚಿಕೊಂಡು ಹೋಗಿ ಕುರಿ ದೊಡ್ಡಿಗೆ ಕಟ್ಟಿದ್ರಂತ.

ಈಗ ಯಾದಗಿರಿಯಾಗ ಮೆಡಿಕಲ್ ಕಾಲೇಜೇ ಐತಿ. ಹೋದ ತಿಂಗಳು ಅವ್ವನ್ನ ಬಿಪಿ ತೋರ್ಸಾಕ ಒಂದು ದವಾಖಾನಿಗೆ ಕರ್ಕೊಂಡು ಹೋಗಿದ್ದೆ. ಸಣ್ಣ ವಯಸ್ಸಿನ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ, ಮುಂಗೈ ಹಿಡದು, "ಅಮ್ಮಾ, ಯಾವ ಊರು?" ಅಂದ್ಲು. ಅವ್ವ ಊರಿನ ಹೆಸರು ಹೇಳಿದ್ಲು, ಕೇರಿ ಹೇಳಲಿಲ್ಲ.

ಯಾದಗಿರಿ, ಶಹಾಪುರ, ಸುರಪುರ ಕಡೆಯ ಗೆಳೆಯರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹಿರಿಯರು ಆ ಜಾಲರಿ ಛತ್ರಿ ಟಿವಿ ನೋಡಿದ್ರ ಕೇಳಿ ಬರೀರಿ. ಏನು ನೋಡಿದ್ರು ಅನ್ನೋದರ ಜೊತೆಗೆ ಎಲ್ಲಿ ಕೂತು ನೋಡಿದ್ರು ಅನ್ನೋದನ್ನೂ ಕೇಳ್ರಿ.